ಮಾನಾ ಪೆತಾಂಗಳ ನಾಲ್ಕು ಮೀಟರು

ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿಸುತ್ತೇನೆ. ಬರುವವರೆಲ್ಲ ಸೆಬುವಿನ ಹಡಗುಕಟ್ಟೆಗೋ ದುಬೈಗೋ ಹಾರುವ ತರಾತುರಿಯವರು. ಒಂದು ವೃತ್ತ ಎಳೆಯಲು ಬಂದರೆ ಸಾಕು, ತಾವೇ ಇಂಜಿನಿಯರೆಂದು ಬೀಗುತ್ತಾರೆ. ಅಂಥವರ ನಡುವೆ ಒಂದು ಮಧ್ಯಾಹ್ನ ಒಣಮೀನು ಮಾರುವ ಪೆರ್ಪೆತುವಾ ಅಬೂಯೆನ್ ಬಂದು ಕುಳಿತಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಹಾಗಾಗಿ ಕಲಿಯಲು ಬಂದವಳಾದರೂ ನನಗೆ ಅವಳು ಮಾನಾ ಪೆತಾಂಗ್. ನಮ್ಮಲ್ಲಿ ಅಕ್ಕನಿಗೆ ಮಾನಾ, ಅಣ್ಣನಿಗೆ ಮಾನೊ ಅನ್ನುತ್ತೇವೆ; ಪೆತಾಂಗ್ ಅವಳನ್ನು ಊರು ಕರೆಯುವ ಹೆಸರು. ಮೀನಿನ ವಾಸನೆಗೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ನಿಮ್ಮ ಹೊಟ್ಟೆಗೆ ಬೆಳಿಗ್ಗೆ ಹೋದದ್ದೂ ಅದೇ ಅಲ್ಲವೇ ಎಂದು ನಾನು ಗದರಿದೆ.

"ನಂಗೆ ಎಲ್ಲಾ ಬೇಡ ಸಾರ್," ಅಂದಳು. "ನನ್ನ ಜಾಗ ಒಂದನ್ನ ಬರೆಯೋದು ಹೇಳ್ಕೊಡಿ, ಸಾಕು."

ಅವಳ ಸಂಕಟ ಊರಿಗೆಲ್ಲ ಗೊತ್ತಿತ್ತು. ಚಂಡಮಾರುತದ ವರ್ಷ ಸಮುದ್ರ ಉಕ್ಕಿ ಬಂದು ದಡದ ಮನೆಗಳನ್ನೆಲ್ಲ ಬಳಿದುಕೊಂಡು ಹೋಗಿತ್ತು. ಗಡಿಯ ತೆಂಗಿನ ಮರಗಳೂ ಹೋದವು. ಪೆತಾಂಗ್ ಅದೇ ಜಾಗದಲ್ಲಿ, ಮರಳಿನಲ್ಲಿ ಉಳಿದಿದ್ದ ಹಳೆಯ ಕಂಬದ ಬುಡಗಳ ಮೇಲೆಯೇ ಮನೆಯನ್ನು ಮತ್ತೆ ಎಬ್ಬಿಸಿದಳು. ಅಷ್ಟರಲ್ಲಿ ದಕ್ಷಿಣದ ಪಕ್ಕದ ಜಾಗವನ್ನು ಒಂದು ರೆಸಾರ್ಟಿನವರು ಕೊಂಡು ಅಳತೆ ಮಾಡಿಸಿದರು. ಅಳೆದ ಇಂಜಿನಿಯರ್ ಗಾಲ್ವೆ, ಪೆತಾಂಗಳ ಮನೆ ಅವರ ಜಾಗದೊಳಗೆ ನಾಲ್ಕು ಮೀಟರ್ ನುಗ್ಗಿದೆ ಎಂದುಬಿಟ್ಟ. ಅವಳ ಮನೆಯ ಅಗಲವೇ ಅಷ್ಟು. ಉತ್ತರದ ಕಡೆ ನಾಲ್ಕು ಮೀಟರ್ ನಿಮಗೇ ಸಿಗುತ್ತದಲ್ಲ ಎಂದು ಸಮಾಧಾನವನ್ನೂ ಹೇಳಿದ. ಉತ್ತರಕ್ಕೆ ಇರುವುದು ಹಳ್ಳ. ಸಮುದ್ರದ ಉಬ್ಬರ ಬಂದಾಗ ಅಲ್ಲಿ ಎದೆಮಟ್ಟ ನೀರು. ಆ ಸಮಾಧಾನ ಕೇಳಿ ನನಗೆ ಮೈ ಉರಿಯಿತು.

ಕಲಿಸಲು ಕೂತೆ. ನಕ್ಷೆಗೆ ಮೊದಲು ಒಂದು ಸೊನ್ನೆ ಬೇಕು, ಎಲ್ಲ ಅಳತೆಯೂ ಅಲ್ಲಿಂದ. ಬಲಕ್ಕೆ ಎಷ್ಟು ಎಂಬುದು ಮೊದಲ ಸಂಖ್ಯೆ, ಮೇಲಕ್ಕೆ ಎಷ್ಟು ಎಂಬುದು ಎರಡನೆಯದು, ನಡುವೆ ಒಂದು ಅಲ್ಪವಿರಾಮ. ಈ ಎರಡು ಸಂಖ್ಯೆ ಕೊಟ್ಟರೆ ಭೂಮಿಯ ಮೇಲಿನ ಯಾವ ಚುಕ್ಕೆಯೂ ತಪ್ಪಿಸಿಕೊಳ್ಳಲಾರದು ಎಂದೆ. ಅವಳು ಮಂತ್ರ ಕಲಿಯುವವಳಂತೆ ತುಟಿ ಆಡಿಸುತ್ತ ಕೇಳಿಸಿಕೊಂಡಳು. ನಮ್ಮೂರಿನ ಸೊನ್ನೆ ಚರ್ಚಿನ ಹಿಂದೆ ನೆಟ್ಟಿರುವ ಸರ್ವೆ ಕಲ್ಲು. ಅಮೆರಿಕನ್ನರ ಕಾಲದ್ದು. ಊರಿನ ಒಂದೊಂದು ಹಕ್ಕುಪತ್ರವೂ ಅದರಿಂದಲೇ ಶುರುವಾಗುತ್ತದೆ: ಆ ಕಲ್ಲಿನಿಂದ ಉತ್ತರಕ್ಕೆ ಮುಖ ಮಾಡಿ ನಿಂತು ಇಷ್ಟು ಡಿಗ್ರಿ ಪೂರ್ವಕ್ಕೆ ತಿರುಗಿ ಇಷ್ಟು ಮೀಟರ್ ಹೋದರೆ ಮೊದಲ ಮೂಲೆ, ಅಲ್ಲಿಂದ ಇಷ್ಟು ಹೋದರೆ ಎರಡನೆಯದು.

ಅವಳ ಮೊದಲ ನಕ್ಷೆ ನೋಡಿ ಕೋಣೆಯಲ್ಲಿ ನಗುವೋ ನಗು. ಜಾಗದ ಮೂಲೆಗಳು ಪೊರಕೆಕಡ್ಡಿ ಚೆಲ್ಲಿದ ಹಾಗೆ ಬಿದ್ದಿದ್ದವು. ಹಿಂದಿನ ಮೂಲೆಯಿಂದ ಅಳೆಯಬೇಕಾದಾಗ ಸಂಖ್ಯೆಯ ಮುಂದೆ ಸುತ್ತಿದ 'ಎ' ಗುರುತು ಒತ್ತಬೇಕು. ಅದಿಲ್ಲದಿದ್ದರೆ ಯಂತ್ರ ಪ್ರತಿ ಸಲವೂ ಸೊನ್ನೆಗೇ ಓಡಿ ಅಲ್ಲಿಂದ ಅಳೆಯುತ್ತದೆ. ಎರಡನೆಯ ನಕ್ಷೆ ಅಡ್ಡ ಮಲಗಿತು. ಕೋನವನ್ನು ಸರ್ವೆಯವರು ಉತ್ತರದಿಂದ ಎಣಿಸಿದರೆ, ಹಾಳು ಯಂತ್ರ ಪೂರ್ವದಿಂದ ಎಣಿಸುತ್ತದೆ. ಇದರಲ್ಲಿ ಎಲ್ಲರೂ ತಪ್ಪುತ್ತಾರೆ. ಆದರೆ ಬೇರೆಯವರಿಗೆ ಅದು ಪಾಠ, ಅವಳಿಗೆ ತಲೆಯ ಮೇಲಿನ ಸೂರು. ಮನೆ ತೆರವು ಮಾಡಲು ರೆಸಾರ್ಟಿನವರು ತಿಂಗಳ ಕೊನೆಯ ಗಡುವು ಕೊಟ್ಟಿದ್ದರು.

ಕೊನೆಗೊಂದು ದಿನ ಅವಳ ಜಾಗ ಸರಿಯಾಗಿ ಬಂತು. ಕೊನೆಯ ಗೆರೆ ಮೊದಲ ಮೂಲೆಗೆ ಬಂದು ಕೂದಲೆಳೆಯಷ್ಟೂ ಬಿಡದೆ ಕೂಡಿಕೊಂಡಿತು. ಅವಳು ಶಿಲುಬೆಯ ಗುರುತು ಹಾಕಿಕೊಂಡಳು. ನಾವಿಬ್ಬರೂ ಟೇಪು ಹಿಡಿದು ಅವಳ ಮನೆಯನ್ನು ಕಲ್ಲಿನಿಂದ ಅಳೆದುಕೊಂಡು ಬಂದಿದ್ದೆವು. ಅದನ್ನೂ ನಕ್ಷೆಗೆ ಇಳಿಸಿದೆ. ಮನೆ ಗೆರೆಯ ಆಚೆ ಬಿತ್ತು. ಸರಿಯಾಗಿ ನಾಲ್ಕು ಮೀಟರ್. ಗಾಲ್ವೆಯ ಅಳತೆಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

ಅಷ್ಟು ದಿನ ಅವಳಿಗೆ ಹುರುಪು ತುಂಬಿದ್ದವನು ನಾನೇ. ಅವಳು ಪರದೆಯ ಮೇಲೆ ಬೆರಳಿಟ್ಟು, ತನ್ನ ಒಲೆ ಇರುವ ಜಾಗವನ್ನು ಸವರಿದಳು. ಆಮೇಲೆ ಕೇಳಿದಳು: "ಸಾರ್, ಸೊನ್ನೇನೇ ಸರಿದಿದ್ರೆ?"

ಸೊನ್ನೆಗೇನು ಕಾಲಿದೆಯೇ ಎಂದು ರೇಗಿದೆ. ಅವಳು ಅತ್ತಳು. ಅಳುತ್ತಲೇ ಎಲ್ಲ ಹೇಳಿದಳು.

ನಮ್ಮ ಕಡೆ ಯಾವ ಬಂಡೆಯ ಮೇಲೆ ಏನು ಕೆತ್ತಿದ್ದರೂ ಅದು ಯುದ್ಧದ ಕಾಲದಲ್ಲಿ ಜಪಾನಿ ಸೈನಿಕರು ಚಿನ್ನ ಹೂತಿಟ್ಟ ಗುರುತು ಎಂದೇ ಜನರ ನಂಬಿಕೆ. ಆ ಹುಚ್ಚಿಗೆ ಬಿದ್ದು ಬೆಟ್ಟ ತೋಡಿದವರಿದ್ದಾರೆ, ಅಜ್ಜನ ಗೋರಿ ತೋಡಿದವರೂ ಇದ್ದಾರೆ. ಪೆತಾಂಗಳ ಗಂಡ ಇಸ್ಯೋಂಗ್ ಮದುವೆಯಾದ ಹೊಸತರಲ್ಲಿ ಗೆಳೆಯ ಬಾಲ್ಬಿನೊ ಜೊತೆ ಸೇರಿ ಸರ್ವೆ ಕಲ್ಲಿನ ಬುಡವನ್ನೇ ಅಗೆದಿದ್ದ. ಕಲ್ಲಿನ ತಲೆಯ ಮೇಲಿನ ಅಕ್ಷರ, ಅಡ್ಡಗೆರೆ ನೋಡಿ ಚಿನ್ನವೇ ಎಂದುಕೊಂಡಿದ್ದರು. ಲಾಂದ್ರ ಹಿಡಿದು ನಿಂತವಳು ಇವಳು. ಚಿನ್ನ ಸಿಗಲಿಲ್ಲ. ಗುಂಡಿ ಎತ್ತಿನ ಗಾಡಿ ಮುಳುಗುವಷ್ಟು ದೊಡ್ಡದಾಗಿತ್ತು. ಮುಚ್ಚಿದರೂ ಸಡಿಲ ಮಣ್ಣಿನಲ್ಲಿ ಕಲ್ಲು ನಿಲ್ಲಲಿಲ್ಲ. ಪಾದ್ರಿ ಬರುವ ಹೊತ್ತಾಯಿತೆಂದು ಪಕ್ಕದ ಗಟ್ಟಿ ನೆಲದಲ್ಲಿ ಅದನ್ನು ನೆಟ್ಟು ಓಡಿಬಂದರು. ಕಲ್ಲು ತಾನೇ, ಇಲ್ಲಿದ್ದರೇನು ಅಲ್ಲಿದ್ದರೇನು ಅಂದುಕೊಂಡರಂತೆ.

ಕಲ್ಲು ಸರಿದಿದ್ದರೆ ಅದರಿಂದ ಅಳೆದ ಗೆರೆಗಳೆಲ್ಲ ಸರಿದಿವೆ, ಅವಳ ಮನೆ ಮಾತ್ರ ಇದ್ದಲ್ಲೇ ಇದೆ. ಹಾಗಾದರೆ ನೀನು ಬದುಕಿದೆ ಮಾರಾಯ್ತಿ ಎಂದು ಕೂಗಬೇಕೆನಿಸಿತು. ಆದರೆ ಇಸ್ಯೋಂಗ್ ಸತ್ತು ವರ್ಷಗಳಾಗಿದ್ದವು. ಬದುಕಿರುವ ಸಾಕ್ಷಿ ಬಾಲ್ಬಿನೊ ಒಬ್ಬನೇ, ಅವನೀಗ ನಮ್ಮ ಕೇರಿಯ ಮುಖ್ಯಸ್ಥ, ಕಪಿತಾನ್. ಈ ಜಗಳದ ಪಂಚಾಯಿತಿ ನಡೆಸುವವನೂ ಅವನೇ. ಅವಳು ಹೋಗಿ ಅವನ ಕಾಲು ಹಿಡಿದಳು. ಸತ್ತ ಗಂಡನ ಮಾನ ಯಾಕೆ ಕಳೀತೀಯ ಎಂದು ಅವನು ಉಪದೇಶ ಮಾಡಿ, ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸಿದ. ಆ ಅಕ್ಕಿಯನ್ನು ಅವಳು ಅವನ ಬಾಗಿಲಲ್ಲೇ ಇಟ್ಟುಬಂದಳು.

ಪಂಚಾಯಿತಿಯ ದಿನ ಕಟ್ಟಡದ ಕಿಟಕಿಯಲ್ಲೂ ಜನ. ನಾನು ನಕ್ಷೆ ಹಿಡಿದು ಅವಳ ಪಕ್ಕ ಕೂತಿದ್ದೆ. ಅವಳು ಎದ್ದುನಿಂತು ಗಂಡನ ಹೆಸರನ್ನೂ ಬಾಲ್ಬಿನೊ ಹೆಸರನ್ನೂ ಹೇಳಿಯೇಬಿಟ್ಟಳು. ಜನ ಗುಜುಗುಜು ಅಂದರು. ಬಾಲ್ಬಿನೊ ಇದೆಲ್ಲ ಕಟ್ಟುಕತೆ ಅಂದ. ಆಗ ಅವಳು ಬುಟ್ಟಿಯಿಂದ ಒಂದು ಹಳೆಯ ಹಸಿರು ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ತೆಂಗಿನ ಕಳ್ಳಿನಿಂದ ಮಾಡುವ ವಿನೆಗರಿನ ಹುಳಿ ವಾಸನೆ ಹೊಡೆಯಿತು.

"ಇದು ಕಲ್ಲಿನ ಕೆಳಗಿತ್ತು. ಯಾರೋ ನೆಟ್ಟಗೆ ನಿಲ್ಸಿದ್ರು," ಅಂದಳು. "ಚಿನ್ನದ ಗುರುತು ಅಂತ ಇವರಿಬ್ರೂ ಕಿತ್ರು. ಏನೂ ಇಲ್ದಿದ್ದಕ್ಕೆ ನಾನು ಮನೆಗೆ ತಗೊಂಡು ಹೋದೆ. ಇವತ್ತಿನವರೆಗೂ ಹುಳಿ ಇಡೋದು ಇದ್ರಲ್ಲೇ. ಸುಳ್ಳು ಅನ್ನು ನೋಡೋಣ, ಮಾನೊ ಬಾಲ್ಬಿನೊ."

ಬಾಲ್ಬಿನೊ ಸೀಸೆಯನ್ನು ನೋಡಿದ. ಅವನ ಮುಖ ಇಳಿದುಹೋಯಿತು. "ಹೌದು," ಅಂದ, "ಅದೇ ಅದು."

ಗೆದ್ದೆವು ಎಂದುಕೊಂಡೆ. ಪೆತಾಂಗಳಂತೂ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ಆದರೆ ರೆಸಾರ್ಟಿನ ಪರವಾಗಿ ಬಂದಿದ್ದ ಗಾಲ್ವೆ ಸೀಸೆಯನ್ನು ಎತ್ತಿಕೊಂಡು, ತಿರುಗಿಸಿ, ತಳ ನೋಡಿ, ಮತ್ತೆ ಮೇಜಿನ ಮೇಲಿಟ್ಟ. ಕೆಟ್ಟ ಮನುಷ್ಯನಲ್ಲ ಅವನು. ಹಿಂದಿನ ಸರ್ವೆಯವರು ಕಲ್ಲಿನ ನಡುಮಧ್ಯಕ್ಕೆ ನೇರ ಕೆಳಗೆ ಹೀಗೆ ಸೀಸೆ ಹೂಳುತ್ತಿದ್ದರು, ಯಾರಾದರೂ ಕಲ್ಲು ಕಿತ್ತರೂ ಜಾಗ ಕಳೆಯಬಾರದು ಎಂದು, ಅಂತ ಮೆಲ್ಲಗೆ ವಿವರಿಸಿದ.

"ಇದೊಂದು ಮಣ್ಣಲ್ಲೇ ಇದ್ದಿದ್ರೆ, ಮಾನಾ, ಇವತ್ತೇ ಅಗೆಸಿ ಇದ್ರಿಂದ ಅಳ್ದು ನಿಮ್ಮ ಮನೆ ನಿಮಗೆ ಬಿಡಿಸಿಕೊಡ್ತಿದ್ದೆ."

ಕಲ್ಲು ಸರಿದದ್ದು ರುಜುವಾತಾಯಿತಲ್ಲ ಎಂದು ನಾನು ಜಗಳಕ್ಕೇ ನಿಂತೆ. ಸರಿದದ್ದು ಸರಿ, ಎಲ್ಲಿಂದ ಸರಿಯಿತು ಎಂದು ಅವನು ಕೇಳಿದ. ಮನೆಯನ್ನು ನಂಬಿ ಕಲ್ಲನ್ನು ಸರಿಸಿ, ಆ ಕಲ್ಲನ್ನು ತೋರಿಸಿ ಮನೆಯನ್ನು ಉಳಿಸಿದರೆ ಕೋರ್ಟು ಒಪ್ಪೀತೇ? ಆ ಗುಂಡಿಯ ಮೇಲೆ ಈಗ ಬಾಸ್ಕೆಟ್‌ಬಾಲ್ ಅಂಗಳದ ಕಾಂಕ್ರೀಟು. ಒಡೆದರೂ ಸಿಗುವುದು ಗಾಡಿಯಷ್ಟು ದೊಡ್ಡ ಗುಂಡಿ, ಅದರಲ್ಲಿ ಚುಕ್ಕೆ ಯಾವುದು?

ಪೆತಾಂಗಳಿಗೆ ಇದೆಲ್ಲ ಅರ್ಥವಾಯಿತೋ, ಅರ್ಥವಾಗುವುದು ಬೇಡವಾಗಿತ್ತೋ. ಅವಳು ಸೀಸೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಹಂಗಾದ್ರೆ ವಾಪಸ್ ಹೂಳೋಣ ಇಂಜಿನಿಯರೇ. ನಾನೇ ಹೂಳ್ತೀನಿ."

"ಎಲ್ಲಿ ಮಾನಾ?"

ಅವಳು ಚರ್ಚಿನ ಕಡೆ ಕೈ ಚಾಚಿದಳು. ಬೆರಳು ಸ್ವಲ್ಪ ಎಡಕ್ಕೆ ಹೋಯಿತು, ಮತ್ತೆ ಬಲಕ್ಕೆ ಬಂತು. ಅವಳು ಬಾಲ್ಬಿನೊ ಮುಖ ನೋಡಿದಳು, ಅವನು ನೆಲ ನೋಡಿದ. ಇನ್ನೊಮ್ಮೆ ಚಾಚಿದಳು. ಆ ಕೈ ಎಲ್ಲಿಯೂ ನಿಲ್ಲಲಿಲ್ಲ. ತಿಂಗಳ ಕೊನೆಗೆ ರೆಸಾರ್ಟಿನವರು ಬಂದು ಮನೆ ಬಿಚ್ಚಿದರು.