ಮಾವಿನ ಮರವನ್ನು ಹೆದರಿಸಿದವರು

ಪೀಣ್ಯದ ನಮ್ಮ ಕಾರ್ಖಾನೆಯ ಸ್ಟೋರ್ ಕೀಪರಿಗೆ ಶೆಡ್ಡಿನ ಹಿಂದಿದ್ದ ಮಾವಿನ ಮರದ ಮೇಲೆ ಭಾರೀ ಸಿಟ್ಟು. ಅದು ಒಂದು ವರ್ಷವೂ ಕಾಯಿ ಬಿಟ್ಟಿರಲಿಲ್ಲ.

"ಸುಖ ಜಾಸ್ತಿಯಾಗಿದೆ ಕಣೋ ಇದಕ್ಕೆ. ಸಾಯ್ತೀನಿ ಅಂತ ಭಯ ಬಿದ್ರೇನೇ ಗಿಡ ಹೂ ಬಿಡೋದು" ಎನ್ನುತ್ತಾ ಚಳಿಗಾಲ ಶುರುವಾಗುತ್ತಲೇ ಅದಕ್ಕೆ ನೀರು ನಿಲ್ಲಿಸಿದರು. ಆಮೇಲೊಂದು ಬೆಳಿಗ್ಗೆ ಮಚ್ಚು ಹಿಡಿದು ಬಂದು ನನ್ನನ್ನೂ ಎಳೆದೊಯ್ದರು. ಅವರು ಕಡಿಯುತ್ತೇನೆಂದು ಅಬ್ಬರಿಸಬೇಕು, ನಾನು ಮರದ ಪರವಾಗಿ ಅಂಗಲಾಚಬೇಕು; ಅದು ಅವರ ಊರಿನ ಪದ್ಧತಿಯಂತೆ. ಅವರು ತೊಗಟೆಗೆ ಎರಡೇಟು ಹಾಕಿ ಮೀಸೆ ಕುಣಿಸಿದರು.

"ಬಿಡಿ ಸಾರ್, ಈ ವರ್ಷ ಕಾಯಿ ಬಿಡುತ್ತೆ!" ಎಂದು ನಾನು ಕೈಮುಗಿದೆ.

"ಇನ್ನೂ ಸ್ವಲ್ಪ ಅಳು. ಮರಕ್ಕೆ ನಂಬಿಕೆ ಬಂದಿಲ್ಲ" ಎಂದರು.

ಸಂಕ್ರಾಂತಿ ಹೊತ್ತಿಗೆ ಮರದ ತುಂಬ ಹೂ.

ಅದೇ ವಾರ ನಾನು ಚಂದಾಪುರಕ್ಕೆ ಹೋಗಬೇಕಿದ್ದ ಲೋಡನ್ನು ಚಿಕ್ಕಬಾಣಾವರಕ್ಕೆ ಕಳಿಸಿಬಿಟ್ಟೆ. "ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ಮಾಲೀಕರು ಗುಡುಗಿದರು. ಸ್ಟೋರ್ ಕೀಪರ್ ಓಡಿಬಂದು ಕೈಮುಗಿದರು.

"ಬಿಡಿ ಸಾರ್, ಈ ವರ್ಷ ಕಾಯಿ ಬಿಡ್ತಾನೆ!"

ಮಾಲೀಕರು ಕಕ್ಕಾಬಿಕ್ಕಿಯಾಗಿ ಒಳಗೆ ಹೋದರು. ನನ್ನ ಕೆಲಸ ಉಳಿಯಿತು. ಟೀ ಲೋಟ ಎತ್ತಿಕೊಂಡೆ. ಸ್ಟೋರ್ ಕೀಪರ್ ಅದನ್ನು ಕಸಿದುಕೊಂಡು ತಾವೇ ಕುಡಿದರು.

"ಹೂ ಬಿಡೋವರೆಗೂ ನಿಂಗೆ ನೀರಿಲ್ಲ ಕಣೋ."