ಮೇಜು ತಟ್ಟುತ್ತಿದ್ದಾಕೆ

ನನ್ನ ಚಿನ್ನದಂಥ ಮೊಮ್ಮಗಳು ಈಗ ದಿನವಿಡೀ ಕುಣಿಯುವುದನ್ನು ಕಂಡರೆ, ತಮಿಳುನಾಡಿನ ತೇನಿಯ ಆಸ್ಪತ್ರೆಯಲ್ಲಿ ಅವಳ ನಿದ್ದೆ ಪರೀಕ್ಷಿಸಿದಾಕೆ ಕಣ್ಮುಂದೆ ಬರುತ್ತಾಳೆ. ಆಗ ಮಗು ನಗುನಗುತ್ತಲೇ ನಿದ್ದೆಗೆ ಬೀಳುತ್ತಿತ್ತು. ಎಲ್ಲಿ ಏಳದೇ ಹೋಗುತ್ತದೋ ಎಂದು ನನಗೆ ನಡುಕ.

ಮಗುವಿನ ತಲೆಗೆ ವೈರು ಅಂಟಿಸಿ, ಪರದೆಯ ಗೆರೆ ಕುಣಿದಂತೆ ಆಕೆ ಬೆರಳಿನಿಂದ ಮೇಜು ತಟ್ಟುತ್ತಿದ್ದಳು. ಅಜ್ಜಿಯನ್ನು ಅಲ್ಲಿ ಪಾಟಿ ಎನ್ನುತ್ತಾರೆ; ನನಗೂ ಹಾಗೇ ಅಂದಳು: "ಮಿದುಳಲ್ಲಿ ಎಚ್ಚರ ಕಾಯೋ ಜೀವಕಣಗಳಿಗೆ ಸಣ್ಣ ಬಾಗಿಲದಾವೆ ಪಾಟಿ. ತೆರೆದು ಉಪ್ಪು ನುಗ್ಗಿದ್ರೆ ಮಿಂಚ್ತವೆ, ಮುಚ್ಚಿದ್ರೆ ನಿದ್ದೆ. ಇರು, ತೆರೀತದೆ."

ಮಲಗಿದವರ ಮುಖಕ್ಕೆ ಬಣ್ಣ ಹಚ್ಚಿದರೆ ನಿದ್ದೆಯಲ್ಲಿ ಹೊರಹೋದ ಜೀವ ಮರಳಿದಾಗ ಗುರುತು ಹಿಡಿಯದು ಎಂದು, ವೈರು ಅಂಟಿಸುವ ಜಾಗಕ್ಕೆ ಆಕೆ ಮಗುವಿನ ಹಣೆಗೆ ಎಳೆದಿದ್ದ ಕೆಂಪು ಗೀಟನ್ನು ನಾನು ಒರೆಸಿಬಿಟ್ಟೆ. ವೈರು ಕಳಚಿ ಗೆರೆ ಸತ್ತಿತು. ಆಕೆ ಬೈಯಲಿಲ್ಲ, ಬೆರಳು ಅದೇ ಲಯದಲ್ಲಿ ತಟ್ಟುತ್ತಲೇ ಇತ್ತು.

"ಇರು ಪಾಟಿ, ತೆರೀತದೆ."

ಬೆರಳು ನಿಂತಿತು. ಮಗು ಕಣ್ಣು ಬಿಟ್ಟು ಕೇಳಿತು: "ಪಾಟಿ, ಬಾಗಿಲು ತಟ್ಟಿದ್ದು ಯಾರು?"