ಮೈಸೂರೆಂಬ ಫಾರಿನ್

ಗೆಳೆಯರೇ, ಇವತ್ತು ಬೆಳಿಗ್ಗೆ ತಮಿಳುನಾಡಿನ ನಮ್ಮ ಓಡೈಪಟ್ಟಿಗೆ ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬರು ವ್ಯಾನಿನ ಮೇಲೆ ನಿಂತು ತಮಿಳಿನಲ್ಲಿ ಗುಡುಗಿದರು: "ನಿಮ್ಮ ದ್ರಾಕ್ಷಿಯನ್ನು ದುಬೈ, ಸಿಂಗಾಪುರ, ಮೈಸೂರು, ಎಲ್ಲ ಫಾರಿನ್ ದೇಶಗಳಿಗೂ ಕಳಿಸುತ್ತೇನೆ." ಪಕ್ಕದಲ್ಲಿದ್ದವರು ಕಿವಿಯಲ್ಲಿ ಏನೋ ಉಸುರಿದರೂ ಅವರು ತಿದ್ದಿಕೊಳ್ಳಲಿಲ್ಲ. ಜನ ನಕ್ಕರು. ನಾನು ವಿಡಿಯೊ ಮಾಡಿಕೊಂಡು ಬಂದು ಮನೆಯಲ್ಲಿ ದೊಡ್ಡವ್ವನಿಗೆ ತೋರಿಸಿದೆ. ದೊಡ್ಡವ್ವ ನಗಲಿಲ್ಲ.

"ಅವ ಹೇಳಿದ್ದು ಸರಿತಾನೇ ತಂಬಿ. ಮೈಸೂರಿಗೆ ಹೋಗಿದ್ದಾಗ ಒಂದು ಅಂಗಡೀಲಿ ನಮ್ ಕನ್ನಡದಲ್ಲೇ, ಕುಡಿಯಕ್ಕೆ ಒಸಿ ನೀರು ಕೊಡು ತಾಯಿ ಅಂದೆ. ಆವಮ್ಮ, ನಂಗೆ ತಮಿಳು ಬರಲ್ಲ ಅಂದ್ಲು."

ತಲೆಮಾರುಗಳಿಂದ ಮನೆಯೊಳಗೆ ನಾವು ಆಡುವುದು ಕನ್ನಡವನ್ನೇ, ರಾಗ ಮಾತ್ರ ತಮಿಳಿನದು. ಆ ಕನ್ನಡ ಕೇಳಿಯೇ ಇಲ್ಲಿಯವರು ನಮ್ಮನ್ನು ಮೈಸೂರು ಕಡೆಯವರು ಅನ್ನುವುದು.

"ಆಮೇಲೆ ಏನ್ ಮಾಡ್ದೆ ದೊಡ್ಡವ್ವ?" ಎಂದೆ.

"ಫಾರಿನ್ನಲ್ಲಿ ಎಲ್ಲಾರೂ ಏನ್ ಮಾಡ್ತಾರೋ ಅದೇ. ಕೈಸನ್ನೆ."

ಆ ವಿಡಿಯೊವನ್ನು ಇಲ್ಲಿ ಹಾಕಿ ನಿಮ್ಮನ್ನೂ ನಗಿಸುವ ಯೋಚನೆಯಿತ್ತು, ಬಿಟ್ಟಿದ್ದೇನೆ. ನಾಲಿಗೆ ತಪ್ಪಿದ್ದು ಅವರದೋ ನಮ್ಮದೋ, ಇನ್ನೂ ತೀರ್ಮಾನವಾಗಿಲ್ಲ.